ಮನೆದೇವರ ಜಾಗ ಖಾಲಿ

ಪೂರ್ವಜರು ಎಷ್ಟು ದೂರವೋ ಅಷ್ಟು ದೊಡ್ಡವರು ಎಂಬುದು ನನ್ನ ನಂಬಿಕೆಯಾಗಿತ್ತು. ಹುಣಸೆಹಣ್ಣಿನ ವ್ಯಾಪಾರಕ್ಕೆಂದು ಹಿಂದೂಪುರಕ್ಕೆ ಬಂದ ನನ್ನ ಮುತ್ತಾತ ತಿಮ್ಮಣ್ಣನವರನ್ನು ನಾನು ಪೆನುಕೊಂಡದ ಕೋಟೆಯ ದಳವಾಯಿಯಾಗಿ ನೇಮಿಸಿಕೊಂಡಿದ್ದೆ. ಕೋಟೆ ಪಾಳುಬಿದ್ದು ಎಷ್ಟೋ ಕಾಲವಾದ ಮೇಲೆ ಅವರು ಹುಟ್ಟಿದ್ದು ಎಂಬ ಕ್ಷುಲ್ಲಕ ಆಕ್ಷೇಪಣೆಯನ್ನು ಪರಿಗಣಿಸಿರಲಿಲ್ಲ. ನನ್ನ ಹೆಂಡತಿಯ ತವರು ಬ್ರಹ್ಮಸಮುದ್ರವನ್ನು ಮಾತ್ರ, ಬೋರ್‌ವೆಲ್ಲಿಗೂ ಬಾಯಾರುವ ಊರೆಂದು ಮೂವತ್ತು ವರ್ಷ ಆಡಿಕೊಂಡಿದ್ದೆ.

ಮಗಳ ಮದುವೆ ಗೊತ್ತಾದಾಗ ಸಂಕಟ ಶುರುವಾಯಿತು. "ಲಗ್ನಪತ್ರಿಕೆ ಮೇಲ್ಗಡೆ ಯಾವ ದೇವ್ರು ಹಾಕ್ಲಿ ಸಾರ್?" ಎಂದ ಪ್ರೆಸ್ಸಿನವನು. ನನಗೆ ಮನೆದೇವರೇ ಗೊತ್ತಿರಲಿಲ್ಲ. ಪೆನುಕೊಂಡದ ಪೂಜಾರಿಗಳು ನಮ್ಮ ವಂಶದ ಹೆಸರು ಕೇಳಿ ತಲೆಯಾಡಿಸಿದರು.

"ಮೊದಲ್ನೇ ಪತ್ರಿಕೆ ಮನೆದೇವ್ರಿಗಿಡ್ದೆ ಬೀಗರ ಕೈಗೆ ಕೊಡಾಕಾಯ್ತದಾ? ಊರು ಸಿಕ್ರೆ ದೇವ್ರು ಸಿಕ್ತಾನೆ. ಹುಡುಕ್ರಿ" ಎಂದಳು ಹೆಂಡತಿ.

ಹಳೇ ಟ್ರಂಕಿನಲ್ಲಿ ಗೆದ್ದಲು ತಿಂದುಳಿಸಿದ, ಮುತ್ತಾತನ ಕಾಲದ ಒಂದು ಹೊಲದ ಪತ್ರ ಸಿಕ್ಕಿತು. ಊರಿನ ಹೆಸರಿದ್ದ ಮೂಲೆಯನ್ನೇ ಗೆದ್ದಲು ಆರಿಸಿ ತಿಂದಿತ್ತು. ಕಲ್ಯಾಣದುರ್ಗದ ರಿಜಿಸ್ಟ್ರಾರ್ ಮುದ್ರೆ ಉಳಿದಿತ್ತು. ಅಲ್ಲಿಗೇ ಹೋದೆ. ನನ್ನ ದಳವಾಯಿ ಕಥೆ ಕೇಳಿಸಿಕೊಂಡ ಗುಮಾಸ್ತರು ಕಟ್ಟು ಬಿಚ್ಚಿ, ಎರಡು ಸಲ ಸೀನಿ, ಓದಿದರು: "ಇದಿಗೋ ಸಾರ್, ನಿಮ್ ಮುತ್ತಾತ. ಕೋಟೆ ಗೀಟೆ ಏನಿಲ್ಲ. ಬ್ರಹ್ಮಸಮುದ್ರದ ತಿಮ್ಮಣ್ಣ. ಹೊಲ ಮಾರ್ಬುಟ್ಟು ಹಿಂದೂಪುರಕ್ಕೆ ಹೋಗವ್ರೆ."

ಫೋನಿನಲ್ಲಿ ವಿಷಯ ಹೇಳಿದೆ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಅಲ್ಲಿಂದ ಬಸ್ಸೈತೆ. ನಿಮ್ಮೂರಿಗೆ ಹೋಗ್ಬನ್ನಿ" ಎಂದಳು.

ಬಾಮೈದ ರಾಮಾಂಜಿ ನನ್ನನ್ನು ಊರಿನ ಹಿರಿಯಜ್ಜನ ಮುಂದೆ ನಿಲ್ಲಿಸಿದ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, "ಹುಣ್ಸೇಹಣ್ಣಿಗೆ ಹೋದ ತಿಮ್ಮಣ್ಣನ ಮನೇರಾ? ನಿಮ್ದು ಕೆರೆಕೋಡಿ ಆಂಜನೇಯ ಕಣಪ್ಪ. ಇಷ್ಟು ದಿನ ಎಲ್ಲಿಗೋಗಿದ್ದೆ?" ಎಂದರು. ಪ್ರತಿ ಹಬ್ಬಕ್ಕೂ ಆ ಗುಡಿಯ ಮುಂದೆಯೇ ಬಸ್ಸಿಳಿದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮಾವನ ಮನೆಗೆ ನಡೆದವನು ನಾನು.

ಪತ್ರಿಕೆ ಅಚ್ಚಾಯಿತು. ಹೆಂಡತಿಯೊಡನೆ ಬ್ರಹ್ಮಸಮುದ್ರಕ್ಕೆ ಹೋಗಿ, ಮೊದಲನೆಯದನ್ನು ಆಂಜನೇಯನ ಪಾದಕ್ಕಿಟ್ಟು, ಗುಡಿಯ ಮುಂದೆ ಊಟಕ್ಕೆ ಹಾಸಿದ ಚಾಪೆಯ ಮೊದಲ ಎಲೆಗೆ, ಅಳಿಯನ ಗತ್ತಿನಲ್ಲಿ ಕೂರಲು ಹೋದೆ. ರಾಮಾಂಜಿ ತೋಳು ಹಿಡಿದ.

"ಅದು ನೆಂಟ್ರ ಪಂಕ್ತಿ ಭಾವ. ನೀವೀಗ ಊರೋರು. ಊರೋರು ಬಡ್ಸಿ ಆಮೇಲೆ ಉಣ್ಬೇಕು." ಸಾರಿನ ಬಕೆಟ್ಟು ಕೈಗೆ ಬಂತು.

ದಳವಾಯಿಯ ಮರಿಮಗ ಸೌಟು ಹಿಡಿದು ಹೊರಟ. ಮೊದಲ ಎಲೆಯಲ್ಲಿ, ಹಿಂದೂಪುರದಿಂದ ಬಂದ ನೆಂಟಳಾಗಿ, ನನ್ನ ಹೆಂಡತಿ ಕೂತಿದ್ದಳು.

"ಇನ್ನೊಸಿ ಹಾಕಪ್ಪ" ಎಂದಳು, ತಲೆ ಎತ್ತದೆ.