ಐಸ್ ಹಾಕಿ ತಂಡವೂ ಒಂದು ಬೂದುಗುಂಬಳವೂ

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ಏನು ಕಂಡರೂ "ಇದು ಹೀಗೇಕೆ?" ಎಂದು ಕೇಳುತ್ತದೆ. ಅದಕ್ಕೇ ಇರಬೇಕು, ಫಜೀತಿಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತವೆ. ಇಲ್ಲದಿದ್ದರೆ ಮೈಸೂರಿನಲ್ಲಿ ಹುಟ್ಟಿ, ಐಸ್ ಅಂದರೆ ಕ್ಯಾಂಡಿ ಎಂದಷ್ಟೇ ತಿಳಿದಿದ್ದ ನಾನು ಮಸ್ಕತ್ತಿನಲ್ಲಿ ಮಕ್ಕಳ ಐಸ್ ಹಾಕಿ ತಂಡಕ್ಕೆ ಮ್ಯಾನೇಜರ್ ಆಗುವುದೆಂದರೇನು?

೧. ಐಸಿಗೆ ಬಿಸಿನೀರು

ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಐಸ್ ರಿಂಕ್ ಎಂಬ ಮಂಜುಗಡ್ಡೆಯ ಅಂಗಳದೊಳಗೆ ಸ್ವೆಟರ್. ಮಗಳು ಗೆಳತಿಯನ್ನು ನೋಡಿ ತಂಡ ಸೇರಿದ್ದಳು. ನಾನು ಬೆಂಚಿನಲ್ಲಿ ಕೂತಿದ್ದೆ. ಅಷ್ಟರಲ್ಲಿ ದೊಡ್ಡ ಗಾಡಿಯೊಂದು ಬಂದು ಐಸಿನ ಮೇಲೆಲ್ಲ ಹಬೆಯಾಡುವ ನೀರು ಹರಡಿಕೊಂಡು ಹೋಯಿತು.

ತಡೆಯಲಾಗಲಿಲ್ಲ. ಕೋಚ್ ಹತ್ತಿರ ಹೋಗಿ ಕೇಳಿಯೇಬಿಟ್ಟೆ. ಅವರು ಕೆನಡಾದವರು, ತೈಲ ಕಂಪನಿಯ ಎಂಜಿನಿಯರ್. ಬಿಸಿನೀರು ಗೀರುಗಳನ್ನು ಕರಗಿಸುತ್ತದೆ, ಆಮೇಲೆ ನಯವಾಗಿ ಹೆಪ್ಪುಗಟ್ಟುತ್ತದೆ ಎಂದು ಖುಷಿಯಿಂದ ವಿವರಿಸಿದರು. "ಇದನ್ನು ಕೇಳಿದ ಮೊದಲ ತಾಯಿ ನೀವು. ನೀವೇ ಮ್ಯಾನೇಜರ್ ಆಗಿ" ಎಂದರು.

ವಾದಿ ಕಬೀರಿನ ನಮ್ಮ ಫ್ಲ್ಯಾಟಿಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಆಗತಾನೇ ತಣ್ಣೀರಿನ ನಲ್ಲಿ ತಿರುಗಿಸಿ ಬೆನ್ನು ಸುಟ್ಟುಕೊಂಡಿದ್ದರು. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿನ ನೀರಿಗೆ ಒಲೆಯೇ ಬೇಡ.

"ಬಿಸಿನೀರು ಬೇಕಂತಾ? ನಮ್ಮ ಟ್ಯಾಂಕನ್ನೇ ಅಲ್ಲಿಗೆ ಸಾಗಿಸು ಮಾರಾಯ್ತಿ" ಎಂದರು.

೨. ಬಿಳಿ ಜಡೆ

ಮಗಳ ಗೆಳತಿಯ ಅಮ್ಮ ಉಡುಪಿಯ ಕಡೆಯವರು. ಥಂಡಿಯಲ್ಲಿ ಆಡುವ ಮಗುವಿನ ನೆತ್ತಿ ಒಣಗಬಾರದೆಂದು ಊರಿನ ಗಾಣದ ತೆಂಗಿನೆಣ್ಣೆಯನ್ನು ಧಾರಾಳವಾಗಿ ತಟ್ಟಿ, ಎರಡು ಜಡೆ ಹೆಣೆದು ಕಳಿಸಿದ್ದರು. ಅರ್ಧ ಗಂಟೆ ಆಡುವಷ್ಟರಲ್ಲಿ ಹೆಲ್ಮೆಟ್ಟಿನಿಂದ ಹೊರಗಿದ್ದ ಎರಡೂ ಜಡೆ ಬೆಳ್ಳಗಾಗಿ ಕೋಲಿನಂತೆ ಸೆಟೆದು ನಿಂತವು.

ಕೋಚ್ ಸಿಳ್ಳೆ ಊದಿ ಆಟ ನಿಲ್ಲಿಸಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದು ಓಡಿದರು. ಹುಟ್ಟಿದಂದಿನಿಂದ ಹಿಮ ಕಂಡ ಮನುಷ್ಯ, ಇಂಥದ್ದನ್ನು ಕಂಡಿರಲಿಲ್ಲ.

ಆ ತಾಯಿ ಮಾತ್ರ ಜಡೆಯನ್ನು ಮುಟ್ಟಿ, ಮೂಸಿ, ಹೆಮ್ಮೆಯಿಂದ ನನ್ನ ಕಡೆ ತಿರುಗಿದರು. "ನೋಡಿದ್ರಾ? ನಾನು ಹೇಳ್ಲಿಲ್ವಾ, ನಮ್ಮ ಎಣ್ಣೆಯಲ್ಲಿ ಎಂತದೂ ಕಲಬೆರಕೆ ಇಲ್ಲ ಅಂತ!"

೩. ಕೊಡಗಿನ ಕೋಚ್

ಆಮೇಲೆ ತೈಲದ ಬೆಲೆ ಬಿತ್ತು. ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ವಿದೇಶಿ ಕುಟುಂಬಗಳು ಒಂದೊಂದಾಗಿ ಊರಿಗೆ ಹೊರಟವು. ಹೋಗುವಾಗ ಮಕ್ಕಳ ಸ್ಕೇಟು, ಕೋಲು, ಹೆಲ್ಮೆಟ್ಟುಗಳನ್ನು ನನ್ನ ಬಾಲ್ಕನಿಗೆ ಹಾಕಿ ಹೋದರು. ಒಂದು ದಿನ ಕೋಚೂ ಹೋದರು. ತಂಡದಲ್ಲಿ ಉಳಿದವರು ಆರೇ ಮಕ್ಕಳು, ಎಲ್ಲರೂ ಇಂಡಿಯನ್ ಸ್ಕೂಲಿನವರು. ಐಸಿಗಿಳಿಯಲು ಆರು ಜನ ಬೇಕೇ ಬೇಕು. ಒಬ್ಬರಿಗೆ ನೆಗಡಿಯಾದರೂ ಆಟವಿಲ್ಲ.

ಹೊಸ ಕೋಚ್ ಯಾರು? ಪಾಲಕರ ಸಭೆಯಲ್ಲಿ ಎಲ್ಲರ ಕಣ್ಣೂ ಒಬ್ಬ ತಂದೆಯ ಮೇಲೆ ಬಿತ್ತು. ಅವರು ಕೊಡಗಿನವರು.

"ಹಾಕಿ ಗೊತ್ತಲ್ವಾ ಸರ್?" ಎಂದೆ.

"ಹಾಕಿ ಗೊತ್ತು ಮೇಡಂ. ಐಸ್ ಗೊತ್ತಿಲ್ಲ."

"ಅರ್ಧ ಗೊತ್ತಲ್ಲ, ಸಾಕು" ಎಂದು ಚಪ್ಪಾಳೆ ತಟ್ಟಿಬಿಟ್ಟೆವು.

ಪುಟ್ಟ ಮಕ್ಕಳು ಸ್ಕೇಟಿಂಗ್ ಕಲಿಯುವಾಗ ಹಿಡಿದುಕೊಳ್ಳಲು ರಿಂಕಿನಲ್ಲಿ ಪ್ಲಾಸ್ಟಿಕ್ಕಿನ ಪೆಂಗ್ವಿನ್‌ಗಳಿದ್ದವು. ಆರಡಿ ಎತ್ತರದ, ಗಿರಿಜಾ ಮೀಸೆಯ ನಮ್ಮ ಕೋಚ್ ಒಂದು ಪೆಂಗ್ವಿನ್ನನ್ನು ತಬ್ಬಿಕೊಂಡೇ ಐಸಿಗಿಳಿದು "ಪಾಸ್ ಕೊಡು! ಪಾಸ್ ಕೊಡು!" ಎಂದು ಗುಡುಗುತ್ತಿದ್ದರು. ಮಕ್ಕಳು ಅವರಿಗೆ ನಿಜಕ್ಕೂ ಹೆದರುತ್ತಿದ್ದರು. ಪೆಂಗ್ವಿನ್ ಕೈಬಿಟ್ಟರೆ ಸರ್ ತಮ್ಮ ಮೇಲೇ ಬೀಳುತ್ತಾರೆಂಬ ಹೆದರಿಕೆ.

೪. ಆಯುಧಪೂಜೆ

ಈ ಆರು ಮಕ್ಕಳು ಅದುವರೆಗೆ ಒಂದೇ ಒಂದು ಗೋಲು ಹೊಡೆದಿರಲಿಲ್ಲ. ರಿಂಕಿನ ಒಮಾನಿ ಮ್ಯಾನೇಜರ್ ಒಳ್ಳೆಯ ಮನುಷ್ಯ. ಆದರೆ ಅವರಿಗೂ ಮೇಲಿನವರ ಒತ್ತಡ. ನಮ್ಮ ಶುಕ್ರವಾರದ ಸಮಯವನ್ನು ಹುಟ್ಟುಹಬ್ಬದ ಪಾರ್ಟಿಗಳಿಗೆ ಕೊಡಬೇಕಂತೆ. "ದುಬೈ ಟೀಮ್ ಬರುತ್ತಿದೆ. ಒಂದು ಗೋಲಾದರೂ ತೋರಿಸಿ, ನಾನು ಮೇಲೆ ಮಾತಾಡ್ತೀನಿ. ಇಲ್ಲಾಂದ್ರೆ ಖಲಾಸ್" ಎಂದು ಹಿಂದಿಯಲ್ಲಿ ಹೇಳಿದರು. ಅದನ್ನು ಕೇಳಿಸಿಕೊಂಡ ಮಗಳು ಅಂದು ಊಟ ಬಿಟ್ಟಳು.

ಪಂದ್ಯದ ಮುಂಚಿನ ದಿನವೇ ಆಯುಧಪೂಜೆ. "ಕೋಲು, ಸ್ಕೇಟು ಆಯುಧ ಅಲ್ವಾ ಮೇಡಂ?" ಎಂದರು ಕೋಚ್. ಐಸಿಗಿಳಿಯುವ ಬಾಗಿಲಲ್ಲಿ ಎಲ್ಲವನ್ನೂ ಸಾಲಾಗಿ ಜೋಡಿಸಿ ಕುಂಕುಮ ಹಚ್ಚಿದೆವು. ಐಸ್ ಗಾಡಿಗೂ ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು. ಗಾಡಿಯ ಮಲಯಾಳಿ ಡ್ರೈವರ್ ಚಪ್ಪಲಿ ಬಿಟ್ಟು ಕೈಮುಗಿದು ನಿಂತ.

ಕೋಚ್ ಕುಂಕುಮ ತುಂಬಿದ ಬೂದುಗುಂಬಳವನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಗೆ ನಿವಾಳಿಸುತ್ತ ಒಂದು ಹೆಜ್ಜೆ ಹಿಂದಿಟ್ಟರು. ಹಿಂದೆ ಐಸು. ಪೆಂಗ್ವಿನ್ ಇರಲಿಲ್ಲ. ಕೋಚ್ ಒಂದು ಕಡೆ, ಕುಂಬಳಕಾಯಿ ಇನ್ನೊಂದು ಕಡೆ. ಕಾಯಿ ಸರ್ರನೆ ಜಾರಿಹೋಗಿ ಗೋಲಿನ ಕಬ್ಬಿಣದ ಕಂಬಕ್ಕೆ ಬಡಿದು ಹೋಳಾಯಿತು.

ಹೋಳುಗಳನ್ನು ಬಾಚಿದೆವು. ಕುಂಕುಮ ಐಸಿಗೆ ಇಳಿದುಬಿಟ್ಟಿತ್ತು. ಡ್ರೈವರ್ ಗಾಬರಿಯಲ್ಲಿ ಅದರ ಮೇಲೇ ನೀರು ಹಾಯಿಸಿದ. ನೀರು ಹೆಪ್ಪುಗಟ್ಟಿ, ಗಾಜು ಹಾಕಿದ ಪಟದ ಹಾಗೆ ಅಡಿಯಲ್ಲಿ ಕೆಂಪು ವೃತ್ತವೊಂದು ಖಾಯಂ ಆಯಿತು.

"ಹೋಗಲಿ ಬಿಡಿ" ಎಂದು ಕೋಚ್ ಸೊಂಟ ನೀವಿಕೊಂಡರು. "ನಮ್ಮ ಟೀಮಿಂದ ಗೋಲಿನ ತನಕ ಹೋದದ್ದು ಇದೇ ಮೊದಲು."

೫. ಕೆಂಪು ಗುರುತು

ದುಬೈ ಮಕ್ಕಳು ನಮ್ಮವರಿಗಿಂತ ಒಂದು ಗೇಣು ಎತ್ತರ. ಪೆಂಗ್ವಿನ್ ಹಿಡಿದ ಕೋಚನ್ನು ಕಂಡು ನಕ್ಕರು, ಆಮೇಲೆ ಒಂಬತ್ತು ಗೋಲು ಹೊಡೆದರು. ನಮ್ಮದು ಸೊನ್ನೆ. ಕೊನೆಯ ನಿಮಿಷ. ಎಲ್ಲರಿಗಿಂತ ಚಿಕ್ಕವಳಾದ ನನ್ನ ಮಗಳ ಕಣ್ಣಲ್ಲಿ ನೀರು.

ಎದುರಾಳಿಗಳ ಗೋಲಿನ ಬಳಿ ಆಟ ನಿಂತಿತು. ಮತ್ತೆ ಶುರುಮಾಡಬೇಕಾದರೆ ರೆಫರಿ ಗೋಲಿನಿಂದ ಸ್ವಲ್ಪ ದೂರದ ಕೆಂಪು ಗುರುತಿನ ಮೇಲೆ, ಎರಡೂ ತಂಡದ ಒಬ್ಬೊಬ್ಬರ ನಡುವೆ ರಬ್ಬರ್ ಬಿಲ್ಲೆಯನ್ನು, ಅಂದರೆ ಈ ಆಟದ ಚೆಂಡನ್ನು, ಬೀಳಿಸಬೇಕು. ತೈಲದ ಬೆಲೆ ಬಿದ್ದ ಮೇಲೆ ರಿಂಕಿಗೆ ಯಾರು ಹೊಸ ಬಣ್ಣ ಬಳಿಯುತ್ತಾರೆ? ಹಳೆಯ ಗುರುತುಗಳೆಲ್ಲ ಮಾಸಿದ್ದವು. ದುಬೈನಿಂದ ಬಂದ ರೆಫರಿ ಅತ್ತಿತ್ತ ನೋಡಿದರು. ಗೋಲಿನ ಮೂತಿಗೇ ಅಂಟಿಕೊಂಡಂತೆ ಒಂದು ಕೆಂಪು ವೃತ್ತ ಕಂಡಿತು. ನೇರ ಅಲ್ಲಿಗೇ ಹೋಗಿ ನಿಂತರು.

ಅದು ಗುರುತಲ್ಲ, ಕುಂಕುಮ ಎಂದು ಹೇಳಿಬಿಡಲು ಬಾಯಿ ತೆರೆದೆ. "ಮೇಡಂ, ಇವತ್ತೊಂದು ದಿನ ಪ್ರಶ್ನೆ ಬೇಡ" ಎಂದು ಕೋಚ್ ಕೈಮುಗಿದರು. ಜೀವಮಾನದಲ್ಲಿ ಮೊದಲ ಬಾರಿ ಬಾಯಿ ಮುಚ್ಚಿದೆ.

ಬಿಲ್ಲೆ ಬಿತ್ತು. ಮಗಳು ಕಣ್ಣು ಮುಚ್ಚಿ ಕೋಲು ಬೀಸಿದಳು. ಗೋಲು! ಕೋಚ್ ಎರಡೂ ಕೈ ಮೇಲೆತ್ತಿದರು, ಪೆಂಗ್ವಿನ್ ಸಮೇತ ಅಂಗಾತ ಬಿದ್ದರು. ನಾನು ನಾಚಿಕೆಯಿಲ್ಲದೆ ಅತ್ತೆ.

ಮುಗಿದ ಮೇಲೆ ಮಗಳು ಬಂದು "ಅಮ್ಮಾ, ವಾಸ್ ದಟ್ ಚೀಟಿಂಗ್?" ಎಂದಳು. ಅಷ್ಟರಲ್ಲಿ ರಿಂಕಿನ ಮ್ಯಾನೇಜರ್ ಬಂದರು. ಆ ಕೆಂಪು ವೃತ್ತವನ್ನು ಒಮ್ಮೆ ನೋಡಿದರು, ಮಲಗಿಯೇ ಇದ್ದ ಕೋಚನ್ನು ಒಮ್ಮೆ ನೋಡಿದರು.

"ಶುಕ್ರವಾರ ನಿಮ್ಮದೇ" ಎಂದರು. "ಆದರೆ ಮುಂದಿನ ವರ್ಷ ಎರಡು ಕಾಯಿ ತನ್ನಿ. ಆ ಕಡೆಯ ಗೋಲಿಗೂ ಒಂದು ಒಡೆಯಬೇಕು. ಆಟ ಅಂದ ಮೇಲೆ ನ್ಯಾಯ ಬೇಡವಾ?"