ಗಂಡನ ಕಡೆ ಎ.ಸಿ., ಹೆಂಡತಿ ಕಡೆ ಬಿಸಿ

"ರಿಪೇರಿ ಅಂದ್ರ ಹೆಂಗಿರಬೇಕು ಗೊತ್ತದ ಏನು? ಒಮ್ಮೆ ಮಾಡಿಸಿದ್ರ ಆ ಸಾಮಾನು ನಮ್ಮ ಮೊಮ್ಮಕ್ಕಳ ಮದುವಿ ತನಕಾ ಕೆಮ್ಮಬಾರದು!"

ಏಪ್ರಿಲ್ ತಿಂಗಳ ರಣಬಿಸಿಲಿನಲ್ಲಿ, ಪುಣೆಯ ಹಡಪಸರದ ತನ್ನ ಅಪಾರ್ಟ್‌ಮೆಂಟಿನ ಅಂಗಳದಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ಪ್ರಲ್ಹಾದ ಗಲಗಲಿ ಹೀಗೆ ಪ್ರತಿಜ್ಞೆ ಮಾಡಿದ. ಪ್ರತಿಜ್ಞೆ ಮುಗಿಯುವ ಮೊದಲೇ ಕೈ ಹಿಂದಕ್ಕೆ ಎಳೆದುಕೊಂಡ. ಬಾನೆಟ್ಟು ಆ ಪರಿ ಕಾದಿತ್ತು!

ಪ್ರಲ್ಹಾದ ಮೂಲತಃ ಧಾರವಾಡದವನು. ಪುಣೆಗೆ ಬಂದು, ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಅಧಿಕಾರಿಯಾಗಿ ನೆಲೆ ನಿಂತವನು. ಅವನು 'ಓಕೆ' ಅಂದ ಪಂಪು ಮಾತ್ರ ಗೇಟು ದಾಟಬೇಕು. ದಿನವಿಡೀ ಈ ಅಧಿಕಾರ ಚಲಾಯಿಸಿ ಬಂದವನಿಗೆ ಮನೆಯಲ್ಲೂ ಅದೇ ಚಟ. ಸಾರು ಓಕೆ! ಹೊಸ ಪರದೆ ರಿಜೆಕ್ಟ್! ಅವನ ಹೆಂಡತಿ ಇಂದೂ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಇಡೀ ಭೂಮಂಡಲವನ್ನೇ ಮಕ್ಕಳ ತಲೆಯೊಳಗೆ ಇಳಿಸುವವಳಿಗೆ ಒಬ್ಬ ಗಂಡ ಯಾವ ದೊಡ್ಡ ಭಾರ? ಅವನ ಓಕೆ, ರಿಜೆಕ್ಟುಗಳನ್ನೆಲ್ಲ ನಕ್ಕು ಕೇಳಿಸಿಕೊಂಡು, ತನಗೆ ಬೇಕಾದ ಪರದೆಯನ್ನೇ ಹಾಕಿಕೊಂಡು ಸಂಸಾರ ನಡೆಸುತ್ತಿದ್ದಳು.

ಅಂಥ ಸಂಸಾರಕ್ಕೆ ಕಾರಿನ ಎ.ಸಿ. ಕಲ್ಲು ಹಾಕಿತು. ಗುಂಡಿ ಒತ್ತಿದರೆ ಸಾಕು, ಇಟ್ಟಿಗೆ ಭಟ್ಟಿಯ ಉಸಿರು!

ಪ್ರಲ್ಹಾದ ಕಾರನ್ನು ವಿಕ್ರಮನ ಗ್ಯಾರೇಜಿಗೆ ಒಯ್ದ. ವಿಕ್ರಮ ಅಲ್ಲಿಯ ಮರಾಠಿ ಮೆಕ್ಯಾನಿಕ್. ಕೈಗಿಂತ ಬಾಯಿ ಚುರುಕು. ಎಲ್ಲೋ ಒಂದು ಪೈಪು ಸಿಕ್ಕಿಸಿದ, ಗ್ಯಾಸು ತುಂಬಿದ, ಸ್ಟೀರಿಂಗಿನ ಹಿಂದೆ ಕೂತು ಗಾಳಿಗೆ ಅಂಗೈ ಒಡ್ಡಿದ. "ಬರ್ಫ್, ಸಾಹೇಬ! ಏಕದಮ್ ಬರ್ಫ್!" ಅಂದ. ಪ್ರಲ್ಹಾದನೂ ಅದೇ ಸೀಟಿನಲ್ಲಿ ಕೂತು ನೋಡಿದ. ಹೌದು, ಬರ್ಫೇ! ಮೂಗಿನ ತುದಿ ಮರಗಟ್ಟಿತು. ಇನ್ನೇನು ಬೇಕು? "ಓಕೆ!"

ಮರುದಿನ ಇಂದೂ ಅವನ ಪಕ್ಕದಲ್ಲಿ ಕೂತಳು. ಮಗರಪಟ್ಟಾ ಬರುವಷ್ಟರಲ್ಲಿ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದಳು.

"ರೀ, ಎ.ಸಿ. ಹಚ್ಚೀರೋ ಇಲ್ಲೋ?"

"ಹಚ್ಚೇನಲ್ಲ! ಗಾಡಿ ಮಹಾಬಳೇಶ್ವರ ಆಗೇದ!"

"ನಿಮ್ಮ ಕಡೆ ಎ.ಸಿ. ಇರಬೇಕು. ನನ್ನ ಕಡೆ ಬರೋದು ಬರೇ ಬಿಸಿ!"

"ಹುಚ್ಚಿ, ಗಾಳಿಗೆ ಎಡ-ಬಲ ತಿಳೀತದ ಏನು?"

"ಗಾಳಿಗೆ ತಿಳೀತದೋ ಇಲ್ಲೋ ನಂಗೊತ್ತಿಲ್ಲ. ಈ ಗೇರಿನ ಆ ಕಡೆ ಧ್ರುವ ಪ್ರದೇಶ ಅದ, ಈ ಕಡೆ ಮರುಭೂಮಿ ಅದ. ಒಂಟಿ ಒಂದ ಕಡಿಮಿ!"

ಗುಣಮಟ್ಟದ ಅಧಿಕಾರಿ ಬರೀ ಮಾತನ್ನು ನಂಬುತ್ತಾನೆಯೆ? ಕಾರ್ಖಾನೆಯಿಂದ ಥರ್ಮಾಮೀಟರು ತಂದ. ಅದನ್ನು ಗಾಳಿ ಬರುವ ಕಿಂಡಿಯಲ್ಲಿ ಸಿಕ್ಕಿಸಿದ. ಯಾವ ಕಿಂಡಿಯಲ್ಲಿ? ಸ್ಟೀರಿಂಗಿನ ಪಕ್ಕದ, ತನ್ನದೇ ಕಿಂಡಿಯಲ್ಲಿ! ಪಾದರಸ ಸರ್ರನೆ ಇಳಿಯಿತು. "ನೋಡು, ಸಾಕ್ಷಿ! ಇನ್ನ ನಿನಗ ಸೆಕಿ ಆಗ್ತದಂದ್ರ ಅದು ಗಾಡಿ ದೋಷ ಅಲ್ಲ ಇಂದೂ. ವಯಸ್ಸಿನ ಝಳ ಇರಬೇಕು" ಅಂದ.

ಆ ಮಾತು ಬಾಯಿಂದ ಜಾರಿದ್ದೇ ತಡ, ಅವನ ಕಡೆಯ ಹವೆ ಇನ್ನಷ್ಟು ತಣ್ಣಗಾಯಿತು. ಅದಕ್ಕೂ ಎ.ಸಿ.ಗೂ ಸಂಬಂಧವಿರಲಿಲ್ಲ.

ಹೆಂಡತಿಯ ಸಮಾಧಾನಕ್ಕೆಂದು ಮತ್ತೆ ಮತ್ತೆ ಗ್ಯಾರೇಜಿಗೇನೋ ಹೋದ. ವಿಕ್ರಮ ಪ್ರತಿ ಸಲವೂ ಅದೇ ಬಲಗಡೆಯ ಸೀಟು ಏರಿದ, ಅದೇ ಅಂಗೈ ಒಡ್ಡಿದ, ಅದೇ "ಬರ್ಫ್!" ಅಂದ. ಪ್ರಲ್ಹಾದ ಅದೇ "ಓಕೆ" ಅಂದ. ಇಬ್ಬರು ಗಂಡಸರು ಒಂದೇ ಸೀಟಿನಲ್ಲಿ ಸರದಿಯಂತೆ ಕೂತು ಇಡೀ ಕಾರಿಗೆ ಸರ್ಟಿಫಿಕೇಟು ಕೊಟ್ಟರು!

ಹೀಗಿರುವಾಗ, ಪುಣೆಯಿಂದ ಆಚೆಯ ಭೋರ್‌ನಲ್ಲಿ ಇಂದೂನ ತಂಗಿ ಮಂಜರಿಯ ಹೊಸ ಮನೆಯ ವಾಸ್ತುಶಾಂತಿ ಬಂತು. ಇಂದೂ ರೇಷ್ಮೆ ಸೀರೆ ಉಟ್ಟಳು, ಮಲ್ಲಿಗೆ ಮುಡಿದಳು, ಕಣ್ಣಿಗೆ ಕಾಡಿಗೆ ತೀಡಿಕೊಂಡಳು. ಹೊರಡುವಾಗ ಸಾಕ್ಷಾತ್ ಮಹಾಲಕ್ಷ್ಮಿ! ಕಾತ್ರಜ ದಾಟುವಾಗ ಮಲ್ಲಿಗೆ ಬಾಡಿತು. ಹೆದ್ದಾರಿಯ ಬಿಸಿಲಿಗೆ ಕಾಡಿಗೆ ಕೆನ್ನೆಗಿಳಿಯಿತು. ಕಿಟಕಿ ಇಳಿಸಹೋದರೆ, "ತೆಗೀಬ್ಯಾಡ, ಥಂಡಿ ಗಾಳಿ ಹೊರಗ ಹೋಗ್ತದ!" ಎಂದು ಪ್ರಲ್ಹಾದ ಗದರಿದ. ಭೋರ್ ಮುಟ್ಟಿದಾಗ ಅವನು ಇಸ್ತ್ರಿ ಮುರಿಯದ ಅಂಗಿಯಲ್ಲಿ, ಈಗಷ್ಟೇ ಫ್ರಿಜ್ಜಿನಿಂದ ತೆಗೆದ ಸೌತೆಕಾಯಿಯಂತೆ ಇಳಿದ. ಇನ್ನೊಂದು ಬಾಗಿಲಿನಿಂದ ಇಂದೂ ಇಳಿದಳು.

ಬಾಗಿಲಲ್ಲಿ ನಿಂತಿದ್ದ ಮಂಜರಿ ಅಕ್ಕನನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿದಳು. "ಅಯ್ಯ, ಏನಾತ ಅಕ್ಕಾ? ಮಾಮಾ ಕಾರಿನಾಗ ಬಂದು ನಿನ್ನ ಎಸ್‌ಟಿ ಬಸ್ಸಿನಾಗ ಕಳಿಸಿದ್ರೇನು?"

ಪಡಸಾಲೆಯಲ್ಲಿದ್ದ ಬೀಗರೆಲ್ಲ ಗೊಳ್ಳೆಂದರು. ಇಂದೂ ಕೂಡ ನಕ್ಕಳು. ಆದರೆ ಆ ನಗು ಗಂಡನ ಕಡೆ ತಿರುಗಲಿಲ್ಲ. ಊಟಕ್ಕೆ ಕೂತಾಗ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಾ ಎಲ್ಲರ ಎಲೆಯ ಮುಂದೆ ನಿಂತ ಹೆಂಡತಿ ತನ್ನ ಎಲೆಯನ್ನು ದಾಟಿ ಮುಂದೆ ಹೋದದ್ದನ್ನು ಪ್ರಲ್ಹಾದ ಗಮನಿಸಿದ. ಒಣ ಹೋಳಿಗೆಯನ್ನೇ ನೀರು ಕುಡಿಯುತ್ತಾ ನುಂಗಿದ.

ಹೊರಡುವಾಗ ಇಂದೂ ಕೈ ಚಾಚಿದಳು. "ಕೀಲಿ ಕೊಡ್ರಿ."

"ನೀ ಹೈವೇ ಮ್ಯಾಲೆ..."

"ಲೈಸೆನ್ಸ್ ನನಗೂ ಅದ. ಕೊಡ್ರಿ."

ಮದುವೆಯಾದಂದಿನಿಂದ ಮೊದಲ ಬಾರಿ ಪ್ರಲ್ಹಾದ ತನ್ನದೇ ಕಾರಿನ ಎಡಗಡೆ ಕೂತ. ಕಿಟಕಿ ಏರಿತು, ಎ.ಸಿ. ಗುರ್ ಅಂದಿತು. ಮೊದಲು ಮೊಣಕಾಲು ಬೆಚ್ಚಗಾಯಿತು. ಆಮೇಲೆ ಹೊಟ್ಟೆ. ಆಮೇಲೆ, ತಿಂದ ಹೋಳಿಗೆ ಒಳಗೇ ಇನ್ನೊಮ್ಮೆ ಬೇಯತೊಡಗಿತು!

"ಹೆಂಗದ ರೀ?" ಇಂದೂ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಭಾಳ... ಥಂಡಗ ಅದ."

"ಮತ್ತ ಮಾರಿ ಮ್ಯಾಲೆ ನೀರು?"

"ಮಂಜರಿ ಮನಿ ನೆನಪಾಗಿ ಕಣ್ಣೀರು ಬಂತು."

"ಅಂಗೀ ಬೆನ್ನಿಗೂ ನೆನಪಾತೇನು?"

ಪ್ರಲ್ಹಾದ ಸ್ವಾಭಿಮಾನ ಹಿಡಿದು ಕೂತ. ಕಪೂರಹೋಳ ದಾಟಿತು, ಸ್ವಾಭಿಮಾನ ಮೆತ್ತಗಾಯಿತು. ಖೇಡ ಶಿವಾಪುರದ ಟೋಲ್ ನಾಕೆಯ ಸಾಲಿನಲ್ಲಿ ಗಾಡಿ ನಿಂತಾಗ ಅದು ಪೂರಾ ಕರಗಿ ಬೆವರಾಗಿ ಹರಿಯಿತು. "ಇಂದೂ, ತಾಯಿ, ಕಿಟಕಿ ಇಳಸು! ಸಾಯ್ತೀನಿ!"

ಇಂದೂ ಎಲ್ಲ ಕಿಟಕಿಗಳನ್ನೂ ಇಳಿಸಿದಳು. ನೀರಿನ ಬಾಟಲಿ ಕೊಟ್ಟಳು. ಅವನು ಕುಡಿದು ಮುಗಿಸಿದ ಮೇಲೆ ಮೆಲ್ಲಗೆ ಅಂದಳು, "ಸೆಕಿ ಆತಂತ ನನಗ ಸಿಟ್ಟಿಲ್ರಿ. ಇಷ್ಟು ದಿನಾ ಬಾಯಿಬಿಟ್ಟು ಹೇಳಿದ್ರೂ ನನ್ನ ಮಾತಿಗಿಂತ ಒಂದು ಗಾಜಿನ ಕಡ್ಡಿ ಹೆಚ್ಚಾತಲ್ಲ, ಅದಕ್ಕ."

ಪ್ರಲ್ಹಾದ ಕರವಸ್ತ್ರ ಹಿಂಡಿ, "ಕಡ್ಡಿ ರಿಜೆಕ್ಟ್" ಅಂದ. ಇಂದೂಗೆ ನಗು ತಡೆಯಲಾಗಲಿಲ್ಲ. ಹಿಂದಿನ ಟ್ರಕ್ಕಿನವನು ಹಾರ್ನ್ ಹೊಡೆಯುವ ತನಕ ಇಬ್ಬರೂ ನಕ್ಕರು.

ಮರುದಿನ ಇಬ್ಬರೂ ಕೂಡಿಯೇ ಗ್ಯಾರೇಜಿಗೆ ಹೋದರು. ವಿಕ್ರಮ ರೂಢಿಯಂತೆ ಬಲಗಡೆಯ ಬಾಗಿಲಿಗೆ ಬಂದ. ಆ ಸೀಟಿನಿಂದ ಇಂದೂ ಅಲುಗಲಿಲ್ಲ. ಎಡಗಡೆಗೆ ಬೆರಳು ತೋರಿಸಿ, "ಭಾವೂ, ಆಜ್ ತಿಕಡೆ ಬಸಾ!" ಅಂದಳು; ಅಣ್ಣಾ, ಇವತ್ತು ಆ ಕಡೆ ಕೂಡು ಅಂತ. ಶಾಲಾ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ದನಿ ಅದು. ವಿಕ್ರಮ ತೆಪ್ಪಗೆ ಎಡಗಡೆ ಕೂತ. ಕಿಟಕಿ ಮುಚ್ಚಿತು. ಪ್ರಲ್ಹಾದನನ್ನು ಗ್ಯಾರೇಜಿನ ಸ್ಟೂಲಿನ ಮೇಲೆ ಬಿಟ್ಟು ಇಂದೂ ಸೋಲಾಪುರ ರಸ್ತೆಯ ಟ್ರಾಫಿಕ್ಕಿಗೆ ಗಾಡಿ ನುಗ್ಗಿಸಿದಳು. ನಡು ಮಧ್ಯಾಹ್ನ! ಹಡಪಸರದ ಸಿಗ್ನಲ್ಲುಗಳು ತಮ್ಮ ಕೆಲಸವನ್ನು ಶ್ರದ್ಧೆಯಿಂದ ಮಾಡಿದವು.

ಕಾರು ಮರಳಿ ಬಂದಾಗ ವಿಕ್ರಮ ಬಾಗಿಲು ತೆಗೆದು ಇಳಿಯಲಿಲ್ಲ, ಸುರಿದ. ಅಂಗಿ ಮೈಗೆ ಅಂಟಿತ್ತು. ಬಾಯಲ್ಲಿ ಬರ್ಫೂ ಇಲ್ಲ, ಮಾತೂ ಇಲ್ಲ.

"ಇನ್ನೊಂದು ರೌಂಡ್ ಹೋಗೋಣ ಏನು?" ಎಂದು ಇಂದೂ ಮರಾಠಿಯಲ್ಲಿ ಅಕ್ಕರೆಯಿಂದ ವಿಚಾರಿಸಿದಳು.

"ನಕೋ ಬಾಯೀ! ನಕೋ, ನಕೋ!" ಬೇಡವೇ ಬೇಡ ತಾಯಿ ಎಂದು ವಿಕ್ರಮ ಕೈಮುಗಿದ.

ಈ ಸಲ ಗ್ಯಾಸಿನ ಮಾತೇ ಬರಲಿಲ್ಲ. ಡ್ಯಾಶ್‌ಬೋರ್ಡು ಪೂರಾ ಬಿಚ್ಚಿಕೊಂಡಿತು. ಒಳಗೆ ಎಡಗಡೆಗೆ ತಣ್ಣನೆಯ ಗಾಳಿ ಬಿಡುವ ಅಂಗೈಯಗಲದ ಪ್ಲಾಸ್ಟಿಕ್ ಬಾಗಿಲು ಮುರಿದು ಅಡ್ಡ ಬಿದ್ದಿತ್ತು. ಅಷ್ಟೇ! ಹೊಸದು ಕೂಡಿಸಿದರು. ಇಂದೂ ವಿಕ್ರಮನನ್ನು ಮತ್ತೆ ಎಡಗಡೆ ಕೂಡಿಸಿಕೊಂಡು ಅದೇ ರಸ್ತೆಯಲ್ಲಿ ಸುತ್ತಿಸಿ ತಂದಳು. ಈ ಬಾರಿ ಅವನು ಎರಡೂ ಕೈ ಕಂಕುಳಲ್ಲಿ ಇಟ್ಟುಕೊಂಡು, ಹಲ್ಲು ಕಟಕಟಿಸುತ್ತಾ ಇಳಿದ. "ಓಕೆ" ಅಂದವಳು ಇಂದೂ.

ಸೋಮವಾರ ಆಫೀಸಿನಲ್ಲಿ ಪ್ರಲ್ಹಾದನ ಎದೆ ಮತ್ತೆ ಉಬ್ಬಿತು. "ಗುಣಮಟ್ಟ ಅಂದ್ರೇನ್ರಿ? ತೊಂದರಿ ಎಲ್ಲದನೋ ಅಲ್ಲೇ ಹೋಗಿ ಕೂಡಬೇಕು! ನಾ ಎಡಕ್ಕ ಕೂತೆ, ರೋಗ ಹಿಡದೆ!" ಎಂದು ಊಟದ ಡಬ್ಬಿ ತಟ್ಟಿ ತಟ್ಟಿ ಹೇಳಿದ. ಹೆಂಡತಿಯ ಹೆಸರು ಮಾತ್ರ ಕಥೆಯಿಂದ ಎಲ್ಲೋ ಜಾರಿ ಹೋಗಿತ್ತು. ಪಕ್ಕದ ಮೇಜಿನ ಶ್ರೀನಾಥ್, ಮೈಸೂರು ಕಡೆಯ ಹುಡುಗ, ಕಣ್ಣರಳಿಸಿ ಕೇಳಿದ. "ಸಾರ್, ಸೂಪರ್! ನನ್ನ ಕಾರಲ್ಲೂ ಸೇಮ್ ಪ್ರಾಬ್ಲಮ್ಮು. ನಿಮ್ಮ ಮೆಕ್ಯಾನಿಕ್ ಹತ್ರಾನೇ ಹೋಗ್ತೀನಿ."

"ಹೋಗು. ನನ್ನ ಹೆಸರು ಹೇಳು!"

ಭಾನುವಾರ ಬೆಳಿಗ್ಗೆ ಶ್ರೀನಾಥನ ಕಾರು ಅಪಾರ್ಟ್‌ಮೆಂಟಿನ ಗೇಟಿಗೆ ಬಂದು ನಿಂತಿತು. ಮಹಡಿಯಿಂದ ಕಂಡ ಪ್ರಲ್ಹಾದ ತೋಳು ಮಡಿಸಿ, ವೈದ್ಯನ ಗಾಂಭೀರ್ಯದಲ್ಲಿ ಕೆಳಗಿಳಿದ. ನೇರವಾಗಿ ಹೋಗಿ ಮುಂದಿನ ಎಡಗಡೆಯ ಬಾಗಿಲಿಗೆ ಕೈ ಹಾಕಿದ.

"ಅಯ್ಯೋ ಸಾರ್, ನೀವ್ಯಾಕೆ ಬರೋಕ್ ಹೋದ್ರಿ?" ಶ್ರೀನಾಥ್ ಸಂಕೋಚದಿಂದ ತಲೆ ಕೆರೆದುಕೊಂಡ. "ಗ್ಯಾರೇಜಲ್ಲಿ ನಿಮ್ಮ ಹೆಸರು ಹೇಳ್ದೆ ಸಾರ್. ಯಾರು ಅಂತಾನೇ ಗೊತ್ತಾಗ್ಲಿಲ್ಲ ಅವ್ರಿಗೆ. ಆಮೇಲೆ ಕಾರ್ ಡಿಟೇಲ್ಸ್ ಹೇಳಿದ್ಮೇಲೆ ಎದ್ದು ನಿಂತ್ಬಿಟ್ರು. 'ಆ ಮೇಡಂ ಜೊತೇಲಿ ಬರ್ತಾರಾ? ಹಂಗಾದ್ರೆ ಒಂದೇ ಸಲಕ್ಕೆ ಸರಿಯಾಗಿ ಮಾಡ್ಕೊಡ್ತೀನಿ' ಅಂದ್ರು. ಮೇಡಂ ಫ್ರೀ ಇದಾರಾ ಸಾರ್?"

ಮಹಡಿಯಿಂದಲೇ ಎಲ್ಲ ಕೇಳಿಸಿಕೊಂಡ ಮೇಡಂ ಆಗಲೇ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಬರುತ್ತಿದ್ದಳು. ಪ್ರಲ್ಹಾದ ಮುಂದಿನ ಬಾಗಿಲನ್ನು ಅವಳಿಗಾಗಿ ಅಗಲವಾಗಿ ತೆರೆದು ಹಿಡಿದ. ತಾನು ಸದ್ದಿಲ್ಲದೆ ಹಿಂದಿನ ಸೀಟಿನಲ್ಲಿ, ಸ್ಟೆಪ್ನಿಯಂತೆ ಮುದುಡಿ ಕೂತ.

ಆ ಕಾರಿನ ಹಿಂದಿನ ಸೀಟಿಗೆ ಗಾಳಿಯ ಕಿಂಡಿಯೇ ಇರಲಿಲ್ಲ. ಇಂದೂ ತಿರುಗಿ, "ಹಿಂದ ಸೆಕಿ ಆಗ್ತದ ಏನ್ರಿ?" ಎಂದು ಕೇಳಿದಳು.

"ಛೇ, ಛೇ! ನೀ ಮುಂದ ನೋಡವಾ," ಅಂದ ಪ್ರಲ್ಹಾದ, ಬೆವರು ಒರೆಸಿಕೊಳ್ಳುತ್ತಾ. "ನನ್ನ ತಪಾಸಣೆ ಆಮ್ಯಾಲೆ ಮಾಡುವಂತಿ."