ನಾಲ್ಕು ತಾಲೂಕಿನ ತಂಡಕ್ಕೆ ನಾನು ಗುರುವಾದದ್ದು

ನನಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿ ಬಹಳ ಕಡಿಮೆ. ಇಪ್ಪತ್ತು ವರ್ಷದಿಂದ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಣ್ಣ ಘಟಕ ನಡೆಸುತ್ತಿದ್ದೇನೆ. ಮಾರುಕಟ್ಟೆಯಲ್ಲಿ ಒಂದು ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ‘ಇದು ನಡೆಯುವುದಿಲ್ಲ’ ಎಂದರೆ ಸಾಕು, ಪಕ್ಕದ ನಾಲ್ವರೂ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಇಂಥ ನಾನು ಮೊಬೈಲ್ ಆಟಕ್ಕೆ ಹೆದರುವುದುಂಟೆ?

ಆಡುತ್ತಿದ್ದವಳು ನನ್ನ ಮಗಳು ಸಿಂಚನ, ಬಿ.ಕಾಂ. ಎರಡನೇ ವರ್ಷ. ನಾಲ್ವರು ಸೇರಿ ಎದುರಾಳಿ ತಂಡದ ನಾಲ್ವರನ್ನು ಗುಂಡು ಹಾರಿಸಿ ಕೆಡವುವ ಆಟ. ಇವಳು ನಾಯಕಿ, ಉಳಿದ ಮೂವರು ಹುಡುಗಿಯರು ಚನ್ನಪಟ್ಟಣ, ಕನಕಪುರ, ಮಾಗಡಿಯವರು. ತಂಡದ ಹೆಸರೇ ‘ನಾಲ್ಕು ತಾಲೂಕು’. ಮೂರು ತಿಂಗಳು ಬೆವರು ಸುರಿಸಿ ಫೈನಲ್ ತಲುಪಿದ್ದರು. ಭಾನುವಾರ ಸಂಜೆ ನಾಲ್ಕಕ್ಕೆ ಪಂದ್ಯ. ನನ್ನ ಹೆಂಡತಿ ಜಯಮ್ಮ ಷರತ್ತು ಹಾಕಿಬಿಟ್ಟಿದ್ದಳು.

“ಗೆದ್ರೆ ಆಡ್ಕೊ. ಸೋತ್ರೆ ಅವತ್ತೇ ಆ ಆಟ ಫೋನಿಂದ ಕಿತ್ತಾಕ್ಬೇಕು!”

ಸಿಂಚನ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ತಂಡದ ಅಭಿಮಾನಿಗಳು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು. ಮಗಳಿಗೆ ತಿಳಿಯದಂತೆ ನಾನೂ ‘ಆಟದ ಗುರು’ ಎಂಬ ಹೆಸರಿನಲ್ಲಿ ಸೇರಿಕೊಂಡಿದ್ದೆ. ಮೊದಲ ದಿನ ಸುಮ್ಮನೆ ‘ಎಡಗಡೆಯಿಂದ ನುಗ್ಗಬೇಕಿತ್ತು’ ಎಂದು ಬರೆದೆ. ಆ ಆಟದಲ್ಲಿ ಎಡ ಯಾವುದು ಎಂದೇ ನನಗೆ ಗೊತ್ತಿರಲಿಲ್ಲ. ಆದರೂ ಇಪ್ಪತ್ತೆರಡು ಜನ ಹೆಬ್ಬೆಟ್ಟು ಎತ್ತಿದರು! ಅಲ್ಲಿಂದ ಮುಂದೆ ನಾನು ಹೇಳಿದ್ದೇ ವೇದವಾಕ್ಯ.

ಭಾನುವಾರ ಮೂರೂವರೆಗೆ ಮಾಗಡಿಯ ಹುಡುಗಿ ಗುಂಪಿನಲ್ಲಿ ಗೋಳಾಡಿದಳು: “ಆಟ ಸಿಕ್ಕಾಕ್ಕೊಂಡು ಸಿಕ್ಕಾಕ್ಕೊಂಡು ಓಡ್ತೈತೆ. ಏನ್ ಮಾಡ್ಲಿ ಹೇಳ್ರಪ್ಪ!”

ನಮ್ಮ ಘಟಕದಲ್ಲಿ ಗೂಡು ಬೇಯಿಸುವ ನೀರು ಬಗ್ಗಡವಾದರೆ ನೂಲು ಕೆಡುತ್ತದೆ. ಆಗ ಹಳೇ ನೀರನ್ನೆಲ್ಲ ಚೆಲ್ಲಿ ಹೊಸ ನೀರು ತುಂಬುತ್ತೇವೆ. ಇದಕ್ಕಿಂತ ಶಾಸ್ತ್ರೋಕ್ತವಾದ ಪರಿಹಾರ ಬೇರೆ ಉಂಟೆ? ಗಂಭೀರವಾಗಿ ಬರೆದೆ: ‘ಆಟದೊಳಗಿನ ಡೇಟಾ ಪೂರ್ತಿ ಅಳಿಸಿ. ತಂಡದವರೆಲ್ಲ ಅಳಿಸಿ. ಆಮೇಲೆ ನೀರು ಹರಿದ ಹಾಗೆ ಓಡುತ್ತದೆ.’

ಯಾರೋ ಒಬ್ಬ, “ಬ್ಯಾಡಿ! ಆಟ ಎಲ್ಲಾ ಮತ್ತೆ ಇಳಿಸ್ಕೋಬೇಕಾಯ್ತದೆ” ಎಂದ. ಗುಂಪು ಅವನ ಮೇಲೆ ಮುಗಿಬಿತ್ತು. “ಗುರುಗಳಿಗಿಂತ ನೀನು ಜಾಸ್ತಿ ತಿಳ್ಕೊಂಡಿದ್ದೀಯೇನ್ಲಾ?” ನಾನೂ ಒಂದು ನಗುವ ಮುಖ ಅಂಟಿಸಿದೆ. ಪಾಪ, ಅವನು ಗುಂಪನ್ನೇ ಬಿಟ್ಟು ಹೋದ. ಇನ್ನೂರು ಜನರಲ್ಲಿ ವಿಷಯ ಗೊತ್ತಿದ್ದವನು ಅವನೊಬ್ಬನೇ!

ಸಿಂಚನ ಅಭ್ಯಾಸದಲ್ಲಿ ಮುಳುಗಿದ್ದಳು, ಗುಂಪು ನೋಡಿರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ನಾನು ಕಾಫಿ ಹಿಡಿದು ಅವಳ ಕೋಣೆಗೆ ಹೋದೆ. ಫೋನಿನಲ್ಲಿ ಮೂವರೂ ಅಳುತ್ತಿದ್ದರು.

“ಆಟದ ಗುರುಗಳು ಅಳಿಸಿ ಅಂದ್ರು ಕಣೇ, ಅಳಿಸ್ಬುಟ್ವಿ. ಈಗ ಎಲ್ಲಾ ಮತ್ತೆ ಇಳೀತಾ ಐತೆ. ಒಂದ್ ಗಂಟೆ ಹಿಡೀತದೆ!”

“ಯಾವೋನೇ ಅವ್ನು ಗುರು? ಕೈಗೆ ಸಿಕ್ಲಿ, ನೋಡ್ಕೋತೀನಿ!” ಎಂದು ಸಿಂಚನ ಕಿರುಚಿದಳು.

ನಾನು ಅವಳ ಕೈಗೆ ಒಂದು ಮೊಳ ದೂರದಲ್ಲಿದ್ದೆ. ಕಾಫಿಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ.

ಪಂದ್ಯ ಯಾರಿಗೂ ಕಾಯುವುದಿಲ್ಲ. ನಾಲ್ಕು ತಾಲೂಕಿನ ಪರವಾಗಿ ಒಂದೇ ತಾಲೂಕು ಕಣಕ್ಕಿಳಿಯಿತು. ಸಿಂಚನ ಗುರಿಯಿಟ್ಟಳು. ಒಬ್ಬ ಬಿದ್ದ. ಇನ್ನೊಬ್ಬ ಬಿದ್ದ! ಯಾವಾಗಲೋ ಬಂದು ಹಿಂದೆ ನಿಂತಿದ್ದ ಜಯಮ್ಮ, “ಮರದ್ ಹಿಂದೆ ಅವ್ನೆ ಕಣೇ!” ಎಂದು ಕೂಗಿದಳು. ಮೂರನೆಯವನೂ ಬಿದ್ದ. ನಾಲ್ಕನೆಯವನು ಅವಳನ್ನು ಕೆಡವಿದ. ಸಿಂಚನ ದಿಂಬಿನಲ್ಲಿ ಮುಖ ಹುದುಗಿಸಿದಳು.

ಅಷ್ಟರಲ್ಲಿ ಗುಂಪಿನಲ್ಲಿ ತೀರ್ಪು ಬಂದಾಗಿತ್ತು: “ಒಬ್ಳೇ ಹೆಸ್ರು ಮಾಡ್ಕೊಳಕ್ಕೆ ಮಿಕ್ಕೋರ್ನ ಕೂರ್ಸವ್ಳೆ. ಕ್ಯಾಪ್ಟನ್ನೇ ಸರಿಯಿಲ್ಲ!” ಅದಕ್ಕೆ ಅರವತ್ತು ಹೆಬ್ಬೆಟ್ಟು! ನನ್ನ ಕರುಳು ಚುರ್ ಎಂದಿತು. ‘ತಪ್ಪೆಲ್ಲ ನನ್ನದು. ನನಗೆ ಈ ಆಟದ ಗಂಧಗಾಳಿಯೂ ಇಲ್ಲ’ ಎಂದು ಬರೆದೆ. ಗುಂಪಿನಲ್ಲಿ ನಾನು ಬರೆದ ಮೊದಲ ಸತ್ಯ ಅದು. ತಕ್ಷಣ ಉತ್ತರ ಬಂತು: “ಗುರುಗಳದ್ದು ದೊಡ್ಡ ಮನಸ್ಸು. ಆ ಹುಡುಗಿ ತಪ್ಪನ್ನ ತಮ್ ಮೇಲೆ ಹಾಕ್ಕೊಂತಾವ್ರೆ!”

ಬೇರೆ ದಾರಿಯಿರಲಿಲ್ಲ. ಫೋನನ್ನು ಮಗಳ ಮುಂದೆ ಹಿಡಿದೆ. ಅವಳು ಓದಿದಳು. ‘ಆಟದ ಗುರು’ ಎಂಬ ಹೆಸರನ್ನು ನೋಡಿದಳು. ನನ್ನನ್ನು ನೋಡಿದಳು. “ಅಪ್ಪಾ...” ಎಂದು ಫೋನನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಹಿಂದಿನಿಂದ ಎಲ್ಲ ಓದಿದ್ದ ಜಯಮ್ಮ ಸೆರಗಿನಿಂದ ಮಗಳ ಕಣ್ಣೊರೆಸಿದಳು. “ಒಬ್ಳೇ ಮೂರ್ ಜನುನ್ನ ಕೆಡವುದ್ಲಲ್ಲ ನನ್ ಮಗ್ಳು, ಆಡ್ಕೊಳ್ಳಲಿ ಬುಡಿ” ಎಂದವಳು ನನ್ನ ಕಡೆ ತಿರುಗಿ ಕೈ ಚಾಚಿದಳು. “ಕಿತ್ತಾಕ್ಬೇಕಾಗಿರೋದು ನಿಮ್ ಫೋನಿಂದ, ಆ ಗುರುನ. ಕೊಡಿ ಇತ್ತ!”

ಕೊಟ್ಟೆ. ಸೋತವಳು ಇನ್ನೂ ಆಡುತ್ತಿದ್ದಾಳೆ. ಒಂದು ದಿನವೂ ಆಡದ ನಾನು ಆಟದಿಂದ ನಿವೃತ್ತನಾಗಿದ್ದೇನೆ!